ಇಳಿಯೋಕೆ ಪುರುಸೊತ್ತಿಲ್ಲ

ಮಾರ್ಚ್ 3

ಅಕ್ಕಾ,

ನೀನು ಹೇಳಿದ ಹಾಗೇ ಆಗಲಿ, ಇನ್ನು ಫೋನ್ ಮಾಡಲ್ಲ. ನನ್ನ ದನಿ ಕೇಳಿದ ದಿನ ಪಿಟೀಲು ಊಟ ಬಿಡ್ತಾಳೆ, ಎರಡು ದಿನ ಬಾಗಿಲ ಹತ್ತಿರಾನೇ ಕೂತಿರ್ತಾಳೆ ಅಂದೆಯಲ್ಲ, ಅದನ್ನ ಕೇಳಿದ ಮೇಲೆ ನನಗೂ ಫೋನ್ ಮುಟ್ಟೋಕೆ ಮನಸ್ಸು ಬರ್ತಿಲ್ಲ. ಆ ಮಗುವನ್ನ ಹೆತ್ತವಳೂ ನಾನೇ, ಅಳಿಸೋಳೂ ನಾನೇ ಆದ್ರೆ ಹೇಗೆ? ಪತ್ರ ಬರೀತೀನಿ, ಓದಿ ಹೇಳು. ಹೇಳೋವಾಗ ನನ್ನ ಥರ ಮೂಗಲ್ಲಿ ಮಾತಾಡು, ನಗ್ತಾಳೆ.

ಅಷ್ಟೆತ್ತರದಲ್ಲಿ ಕೂತು ಏನು ಮಾಡ್ತೀಯೇ ಅಂತ ಎಷ್ಟು ಸಲ ಕೇಳಿದ್ದೀಯ. ಕೇಳು. ಬಂದರಿನ ಕ್ರೇನ್ ಅಂದ್ರೆ ಇಪ್ಪತ್ತು ಮಹಡಿ ಎತ್ತರದ ಕಬ್ಬಿಣದ ಕುದುರೆ. ಅದರ ಹೊಟ್ಟೆ ಕೆಳಗೆ ನೇತಾಡೋ ಗಾಜಿನ ಪೆಟ್ಟಿಗೆ ನನ್ನದು. ನೆಲವೂ ಗಾಜು. ಹತ್ತು ಗಂಟೆ ಪಾಳಿ ಪೂರ್ತಿ ಬಗ್ಗಿ, ಎರಡು ಮೊಣಕಾಲಿನ ಮಧ್ಯೆ ಹಡಗು ನೋಡ್ತಾ, ಒಂದೊಂದೇ ಕಂಟೇನರ್ ಎತ್ತಿ ಲಾರಿ ಮೇಲೆ ಇಡಬೇಕು. ಗಂಟೆಗೆ ಇಪ್ಪತ್ತೆಂಟು. ಇಪ್ಪತ್ತೇಳಾದ್ರೆ ಎದುರಿನ ಪರದೆ ಮೇಲೆ ನನ್ನ ಸಂಖ್ಯೆ ಕೆಂಪಾಗುತ್ತೆ. ಕೆಂಪಾದ್ರೆ ‘ಗಡಿಯಾರ’ ಮೈಕಿನಲ್ಲಿ ಕೆಮ್ಮುತ್ತಾನೆ. ಅವನು ನಮ್ಮ ಪಾಳಿಯ ಮೇಲಿನವನು, ಅವನ ನಿಜವಾದ ಹೆಸರು ಅವನ ಹೆಂಡತಿಗೆ ಮಾತ್ರ ನೆನಪಿರಬಹುದು.

ಕ್ರೇನ್ ಕಾಲಿನೊಳಗಿನ ಲಿಫ್ಟು ಮೂರು ದಿನಕ್ಕೊಂದು ದಿನ ನಡೆಯುತ್ತೆ. ಉಳಿದ ದಿನ ಮೆಟ್ಟಿಲು. ಶೌಚಕ್ಕೆ ಅಂತ ಇಳಿದು ಹತ್ತಿದರೆ ಹದಿನೈದು ನಿಮಿಷ, ಅಂದ್ರೆ ಏಳು ಕಂಟೇನರ್. ಗಂಡಸರು ಖಾಲಿ ಬಾಟಲಿ ಜೊತೇಲಿ ಹತ್ತುತ್ತಾರೆ, ನಾನು ಏನು ಮಾಡಲಿ? ಅದಕ್ಕೆ ಎದ್ದ ಮೇಲೆ ಪಾಳಿ ಮುಗಿಯೋವರೆಗೆ ನೀರೇ ಕುಡಿಯಲ್ಲ. ಬಾವಿಗೇ ನೀರು ಬಿಡದಿದ್ರೆ ಬಿಂದಿಗೆಗೆ ಎಲ್ಲಿಂದ ಬರುತ್ತೆ, ಅಲ್ವಾ?

ಅಕ್ಟೋಬರ್‌ವರೆಗೆ ಎಲ್ಲ ತಿಂಗಳೂ ಹಸಿರು ಬಂದ್ರೆ ಕೆಳಗಿನ ಕಂಟ್ರೋಲ್ ರೂಮಿಗೆ ಹಾಕ್ತಾರೆ. ಹಗಲು ಪಾಳಿ, ಎರಡು ಕೋಣೆಯ ಮನೆ. ಅವಳ ಹಾಸಿಗೆ ಯಾವ ಗೋಡೆಗೆ ಅಂತಾನೂ ಯೋಚಿಸಿಟ್ಟಿದ್ದೀನಿ.

ನಿನ್ನ
ಕೊಕ್ಕರೆ


ಮಾರ್ಚ್ 19

ಏ ಕೊಕ್ಕರೆ,

ಪತ್ರ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ನಿನ್ನ ಭಾವ ತಮ್ಮ ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ತಂದು ಓದಿದರು. ‘ನಿನ್ನ ತಂಗಿ ಆಕಾಶದಲ್ಲಿದ್ರೂ ಕೈಬರಹ ಪಾತಾಳದಲ್ಲೇ ಇದೆ’ ಅಂದರು.

ನೀರು ಕುಡಿಯಲ್ಲ ಅಂತೀಯಲ್ಲ, ಒಂಟೆ ವಂಶದವಳೇನೇ? ಹೋಗಲಿ ಬಿಡು, ನಮ್ಮದೂ ಅದೇ ಕಥೆ. ಶಾಲೆ ಶುರುವಾಗೋ ಮುಂಚೆ ದಿನಕ್ಕೆ ನೂರು ಸಮವಸ್ತ್ರದ ಬಟ್ಟೆ ಕತ್ತರಿಸಬೇಕು. ಕತ್ತರಿ ಹಿಡಿದ ಬೆರಳು ಮನೆಗೆ ಬಂದರೂ ಬಿಚ್ಚಿಕೊಳ್ಳಲ್ಲ. ದುಡಿಯೋರ ಮೈಗೆ ಇದೆಲ್ಲ ಇದ್ದದ್ದೇ.

ಪಿಟೀಲಿನ ಮುಂದಿನ ಹಲ್ಲು ಬಿದ್ದಿದೆ. ಈಗ ಕಿರುಚಿದರೆ ಪಿಟೀಲಲ್ಲ, ಕೊಳಲು. ಹೊಸ ಶಾಲೆಗೆ ಸೇರಿಸಿದೆ. ಅರ್ಜಿಯಲ್ಲಿ ಏನೇನೋ ಕೇಳ್ತಾರೆ, ಎಲ್ಲ ನಾನೇ ತುಂಬಿ ಕೊಟ್ಟೆ. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ನಿನ್ನ ಪತ್ರ ಓದಿ ಹೇಳಿದೆ. ಕಬ್ಬಿಣದ ಕುದುರೆ ಹುಲ್ಲು ತಿನ್ನುತ್ತಾ ಅಂತ ಕೇಳಿದಳು. ಆಮೇಲೆ ಆಟಕ್ಕೆ ಹೋದಳು. ಅಳಲಿಲ್ಲ. ನೋಡು, ಪತ್ರವೇ ಒಳ್ಳೇದು.

ನಿನ್ನ ಅಕ್ಕ


ಮೇ 11

ಅಕ್ಕಾ,

ಕುದುರೆ ಹುಲ್ಲು ತಿನ್ನಲ್ಲ, ಮನುಷ್ಯರನ್ನ ತಿನ್ನುತ್ತೆ ಅಂತ ಹೇಳಬೇಡ ಅವಳಿಗೆ. ತಮಾಷೆಗೆ ಬರೆದೆ.

ಗಂಟೆಗೆ ಈಗ ಮೂವತ್ತೆರಡು ಮಾಡಿದ್ದಾರೆ. ಪಕ್ಕದ ಬಂದರಿನವರು ಮೂವತ್ನಾಲ್ಕು ಮಾಡ್ತಾರಂತೆ. ಪಕ್ಕದ ಬಂದರಿನವರನ್ನ ಕೇಳಿದ್ರೆ ಅವರಿಗೆ ನಮ್ಮ ಹೆಸರು ಹೇಳಿ ಹೆದರಿಸಿದ್ದಾರೆ. ಬಗ್ಗಿ ಬಗ್ಗಿ ಸೊಂಟದ ಹಿಂದೆ, ಎರಡೂ ಕಡೆ, ಒಳಗೇ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ನೋವು. ಔಷಧಿ ಅಂಗಡಿಯವನು ಬಿಳಿ ಮಾತ್ರೆ ಕೊಟ್ಟ. ಒಂದು ನುಂಗಿದ್ರೆ ನಾಲ್ಕು ಗಂಟೆ ಆರಾಮ. ಕ್ರೇನಿನವರೆಲ್ಲರ ಜೇಬಿನಲ್ಲೂ ಅದೇ ಇರುತ್ತೆ, ನಾವು ಅದನ್ನ ‘ಪುಟಾಣಿ’ ಅಂತೀವಿ. ಸಂಜೆ ಹೊತ್ತಿಗೆ ಬೂಟು ಬಿಗಿಯಾಗುತ್ತೆ. ಈ ವಯಸ್ಸಲ್ಲಿ ಪಾದ ಬೆಳೀತಿದೆ ನನಗೆ!

ಈಗ ಮುಖ್ಯ ವಿಷಯ. ಜೂನಿನಲ್ಲಿ ಹತ್ತು ದಿನ ರಜೆ ಸಿಕ್ಕಿದೆ. ಗಡಿಯಾರನ ಕೈಕಾಲು ಹಿಡಿದು ತಗೊಂಡಿದ್ದು. ಎಂಟನೇ ತಾರೀಖು ಹೊರಟ್ರೆ ಹತ್ತನೇ ತಾರೀಖು ಅಲ್ಲಿರ್ತೀನಿ. ಪಿಟೀಲಿಗೆ ಹೇಳಬೇಡ, ಬಾಗಿಲು ತಟ್ಟಿ ನಿಲ್ತೀನಿ. ಮೊದಲು ಒಂದು ದಿನ ಪೂರ್ತಿ ಮಲಗ್ತೀನಿ ಅಕ್ಕಾ, ಅವಳನ್ನ ಪಕ್ಕದಲ್ಲಿ ಹಾಕ್ಕೊಂಡು. ಯಾರೂ ಎಬ್ಬಿಸಬೇಡಿ.

ಕೊಕ್ಕರೆ


ಮೇ 29

ಪ್ರೀತಿಯ ತಂಗಿಗೆ,

ತಪ್ಪು ತಿಳಿಯಬೇಡ. ಜೂನಿನಲ್ಲಿ ಬರಬೇಡ.

ಶಾಲೆ ಶುರುವಾಗಿದೆ, ಅವಳು ಈಗ ತಾನೇ ಹೊಂದಿಕೊಳ್ತಿದ್ದಾಳೆ. ನೀನು ನಾಲ್ಕು ದಿನ ಇದ್ದು ಹೊರಟರೆ ಆಮೇಲೆ ಎರಡು ತಿಂಗಳು ನಾನು ಸಮಾಧಾನ ಮಾಡಬೇಕು. ಹೋದ ಸಲ ನೀನು ಬಸ್ಸು ಹತ್ತಿದ ಮೇಲೆ ಏನಾಯ್ತು ಅಂತ ನಿನಗೆ ಗೊತ್ತಿಲ್ಲ, ನೋಡಿದವಳು ನಾನು. ಆರಿದ ಗಾಯದ ಪೊರೆ ಕೀಳೋದು ಯಾಕೆ? ಹೇಗೂ ಅಕ್ಟೋಬರಿಗೆ ಮನೆ ಕೊಡ್ತಾರೆ ಅಂದಿದ್ದೀಯ. ಅಲ್ಲಿವರೆಗೆ ರಜೆ ಉಳಿಸಿಕೊ. ಒಂದೇ ಸಲ ಬಂದು ಕರ್ಕೊಂಡು ಹೋಗು.

ಸೊಂಟ ನೋವಿಗೆ ಬಿಸಿನೀರಿನ ಶಾಖ ಕೊಡು. ನನಗೂ ಹಾಗೇ ಆಗಿತ್ತು, ನಾಲ್ಕು ದಿನದಲ್ಲಿ ಹೋಯ್ತು.

ಅಕ್ಕ


ಆಗಸ್ಟ್ 6

ಅಕ್ಕಾ,

ನಿನ್ನ ಪತ್ರ ಓದಿ ಎರಡು ದಿನ ಸಿಟ್ಟು ಬಂತು. ಮೂರನೇ ದಿನ ಅನ್ನಿಸ್ತು, ಮಗುವನ್ನ ಬೆಳೆಸ್ತಿರೋದು ನೀನು, ಅವಳ ಮನಸ್ಸು ನಿನಗಿಂತ ನನಗೆ ಗೊತ್ತಾ? ರಜೆ ವಾಪಸ್ ಕೊಟ್ಟೆ. ಗಡಿಯಾರ ಖುಷಿಯಾಗಿ ನನ್ನ ಭುಜ ತಟ್ಟಿದ. ಆ ಹತ್ತು ದಿನವೂ ಹಸಿರು.

ಹೆಚ್ಚು ಬರೆಯೋಕೆ ಆಗ್ತಿಲ್ಲ. ಕೈ ಸುಸ್ತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಊಟ ಸೇರಲ್ಲ. ಸೆಖೆ ಜಾಸ್ತಿ ಇದೆ, ಅದಕ್ಕೇ ಇರಬೇಕು. ಒಂದು ಫೋಟೋ ಇಟ್ಟಿದ್ದೀನಿ. ನನ್ನ ಕೋಣೆಯಲ್ಲೇ ಇರೋ, ಕಂಟೇನರ್ ಕೊಂಡಿ ಬಿಚ್ಚೋ ಕೆಲಸದವಳು ತೆಗೆದದ್ದು. ಪಿಟೀಲಿನ ಹಾಸಿಗೆ ಪಕ್ಕದಲ್ಲಿ ಅಂಟಿಸು.

ಇನ್ನು ಎರಡೇ ತಿಂಗಳು.

ಕೊಕ್ಕರೆ


ಆಗಸ್ಟ್ 27

ತಂಗೀ,

ಫೋಟೋ ನೋಡಿ ಗುರುತೇ ಸಿಗಲಿಲ್ಲ! ಮುಖ ತುಂಬಿಕೊಂಡು ದುಂಡಗಾಗಿದೆ. ಚಿಕ್ಕಂದಿನಿಂದ ಗಾಳಿ ಬಂದರೆ ಹಾರಿ ಹೋಗೋ ಹಾಗಿದ್ದವಳು ನೀನು. ಊಟ ಸೇರಲ್ಲ ಅಂತ ಬರೆದು ಇಂಥ ಫೋಟೋ ಕಳಿಸ್ತೀಯಲ್ಲ, ಯಾರನ್ನ ನಂಬಿಸ್ತೀಯ? ಕೊಕ್ಕರೆ ಈಗ ಪಾರಿವಾಳ ಆಗಿದೆ ಅಂದರು ನಿನ್ನ ಭಾವ. ನನಗೂ ಸಂತೋಷವೇ. ಆ ಊರು ನಿನಗೆ ಒಗ್ಗಿದೆ ಅಂತ ಗೊತ್ತಾಯ್ತು.

ಒಂದು ಮಾತು ಹೇಳಲಾ, ಬೇಜಾರು ಮಾಡ್ಕೋಬೇಡ. ಇಲ್ಲಿ ನಾನು ಬೆಳಗ್ಗೆ ಅವಳ ಜಡೆ ಹಾಕಿ, ಅಂಗಡಿಗೆ ಓಡಿ, ಮಧ್ಯಾಹ್ನ ಅವಳನ್ನ ಕರ್ಕೊಂಡು ಬಂದು, ಮತ್ತೆ ಓಡಿ ಸೊರಗಿದ್ದೀನಿ. ದೂರ ಇದ್ದವರಿಗೆ ಮಗು ಅಂದ್ರೆ ಮುತ್ತು ಮಾತ್ರ. ಹತ್ತಿರ ಇದ್ದವರಿಗೆ ಸಿಂಬಳವೂ ಇದೆ.

ಹಾಸಿಗೆ ಪಕ್ಕ ಅಂಟಿಸಿದರೆ ಗೋಡೆ ಬಣ್ಣ ಕೀಳುತ್ತೆ. ಫೋಟೋ ಜೋಪಾನವಾಗಿ ಎತ್ತಿಟ್ಟಿದ್ದೀನಿ.

ಅಕ್ಕ


ಡಿಸೆಂಬರ್ 2

ತಂಗೀ,

ನಿನ್ನ ಉತ್ತರ ಬಾರದೆ ನಾನು ಬರೀತಿರೋ ಮೂರನೇ ಪತ್ರ ಇದು. ಸೆಪ್ಟೆಂಬರಿನಿಂದ ನಿನ್ನಿಂದ ಒಂದು ಗೆರೆ ಇಲ್ಲ. ಅಕ್ಟೋಬರ್ ಬಂತು, ಹೋಯ್ತು. ಮನೆ ಸಿಕ್ಕಿತಾ, ಕೆಳಗಿನ ಕೆಲಸ ಸಿಕ್ಕಿತಾ, ಏನೂ ತಿಳಿಸಲಿಲ್ಲ. ನಾನೇ ಸೋತು ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿ, ‘ಅವರು ಹೊರಗೆ ಹೋಗಿದ್ದಾರೆ, ವಾರಕ್ಕೆ ಮೂರು ದಿನ ಹೀಗೇ’ ಅಂದಳು. ಎಲ್ಲಿಗೆ ಅಂದರೆ ಬಾಯಿ ಬಿಡಲಿಲ್ಲ.

ನಾನು ದಡ್ಡಿಯಲ್ಲ. ನಿನ್ನ ಗಂಡ ಬಿಟ್ಟು ಹೋಗಿ ಐದು ವರ್ಷ ಆಯ್ತು, ನಿನಗೂ ಒಂದು ಬದುಕು ಬೇಕು. ಯಾರಾದರೂ ಸಿಕ್ಕಿದ್ದರೆ ಹೇಳಿಬಿಡು, ಬೈಯಲ್ಲ. ಆದರೆ ಮಗುವನ್ನ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅಂತ ನೇತು ಹಾಕಬೇಡ. ಅವಳು ಈಗ ನಿನ್ನ ಬಗ್ಗೆ ಕೇಳೋದನ್ನೂ ನಿಲ್ಲಿಸಿದ್ದಾಳೆ.

ಇದರ ಜೊತೆ ಒಂದು ಕಾಗದ ಇಟ್ಟಿದ್ದೀನಿ. ಅವಳ ಪೋಷಣೆ ನಮ್ಮ ಕೈಯಲ್ಲಿದೆ ಅಂತ ಬರೆದಿದೆ. ಶಾಲೆಗೆ, ಆಸ್ಪತ್ರೆಗೆ ಎಲ್ಲ ಬೇಕಾಗುತ್ತೆ. ಎಲ್ಲಿ ಸಹಿ ಮಾಡಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಅಕ್ಕ


ಡಿಸೆಂಬರ್ 20

ಅಕ್ಕಾ,

ವಾರಕ್ಕೆ ಮೂರು ದಿನ ನಾನು ಹೋಗೋದು ಆಸ್ಪತ್ರೆಗೆ. ಬರೆಯಬಾರದು ಅಂತಲ್ಲ. ಬರೆಯೋಕೆ ಕೂತಾಗಲೆಲ್ಲ, ಮುಂದಿನ ವಾರ ಏನಾದರೂ ಒಳ್ಳೇದು ಹೇಳ್ತಾರೆ, ಆಗ ಎರಡೂ ಸೇರಿಸಿ ಬರೀತೀನಿ ಅಂದುಕೊಳ್ತಿದ್ದೆ. ಆ ವಾರ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡು ದಿನ ವಾಂತಿ ಆಗಿ ಕೆಲಸಕ್ಕೆ ಹೋಗಲಿಲ್ಲ. ಆ ತಿಂಗಳು ಕೆಂಪಾಯ್ತು. ಕಂಟ್ರೋಲ್ ರೂಮು ಇನ್ನಾರು ತಿಂಗಳು ಮುಂದಕ್ಕೆ ಅಂದ ಗಡಿಯಾರ. ‘ಸಾರ್, ಎರಡೇ ದಿನ’ ಅಂದೆ. ‘ಎರಡು ದಿನ ಅಂದ್ರೆ ಆರುನೂರ ನಲವತ್ತು ಕಂಟೇನರ್ ಕಣಮ್ಮಾ’ ಅಂದ. ಅವನ ಮುಖವೂ ಬಿಳಿಚಿತ್ತು, ಅವನ ಮೇಲೂ ಒಬ್ಬ ಗಡಿಯಾರ ಇದ್ದಾನೆ. ಆ ಆರು ತಿಂಗಳನ್ನ ಹೇಗಾದರೂ ಮುಗಿಸಿಬಿಡೋಣ ಅಂತ ಪುಟಾಣಿ ಮಾತ್ರೆ ಎರಡೆರಡು ನುಂಗಿ ಹತ್ತಿದೆ.

ಅಕ್ಟೋಬರ್ ಹದಿನಾಲ್ಕು, ಮಧ್ಯಾಹ್ನ. ಕಂಟೇನರ್ ಲಾರಿ ಮೇಲೆ ಇಳಿಸ್ತಿದ್ದೆ. ಗಾಜಿನ ಅಂಚಿನಿಂದ ಕತ್ತಲೆ ಶುರುವಾಗಿ ಮಧ್ಯಕ್ಕೆ ಬಂತು. ಕಣ್ಣು ಬಿಟ್ಟಾಗ ಕಂಟೇನರ್ ಒಂದು ಮಾರು ಆಚೆ ಹೋಗಿತ್ತು, ಲಾರಿಯ ಮುಂಭಾಗದ ಚಾವಣಿ ಅದುಮಿ ಹೋಗಿತ್ತು. ಡ್ರೈವರ್ ಬದುಕಿದ. ಕೊರಳ ಮೂಳೆ, ಎರಡು ಪಕ್ಕೆಲುಬು. ಆಸ್ಪತ್ರೆಯಲ್ಲಿ ಕ್ಷಮಿಸಿ ಅನ್ನೋಕೆ ಹೋದೆ. ಬೈದಿದ್ರೆ ಚೆನ್ನಾಗಿತ್ತು. ‘ನಾನೂ ತೂಕಡಿಸ್ತಿದ್ದೆ ತಾಯಿ, ಇಲ್ಲದಿದ್ರೆ ನಿಮ್ಮ ಕಂಟೇನರ್ ವಾಲಿದ್ದು ಕಾಣ್ತಿತ್ತು. ಲಾರಿಯಿಂದ ಇಳಿಯದೇ ಹದಿನಾರು ಗಂಟೆಯಾಗಿತ್ತು’ ಅಂದ.

ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಕೇಳಿದರು, ‘ದಿನಕ್ಕೆ ಎಷ್ಟು ನೀರು ಕುಡೀತೀರಿ?’

‘ಎರಡು ಲೋಟ.’

‘ಎಷ್ಟು ವರ್ಷದಿಂದ?’

‘ಮೂರು.’

‘ನೋವಿನ ಮಾತ್ರೆ?’

‘ದಿನಕ್ಕೆ ನಾಲ್ಕು. ಒಮ್ಮೊಮ್ಮೆ ಆರು.’

ಅವರು ಇನ್ನೊಂದು ಪರೀಕ್ಷೆಗೆ ಚೀಟಿ ಬರೆದರು. ಎರಡೂ ಮೂತ್ರಪಿಂಡ ಹೋಗಿವೆ ಅಕ್ಕಾ. ಸೊಂಟ ಅಂತ ನಾನು ಅಂದುಕೊಂಡಿದ್ದು ಸೊಂಟವಲ್ಲ. ಆ ಫೋಟೋದಲ್ಲಿ ಇದ್ದದ್ದು ಮೈ ತುಂಬಿಕೊಂಡಿದ್ದಲ್ಲ, ಬಾವು. ನಿನ್ನ ತಪ್ಪೇನಿಲ್ಲ, ಕನ್ನಡಿ ಮುಂದೆ ನನಗೂ ಚೆನ್ನಾಗಿಯೇ ಕಂಡಿತ್ತು.

ಈಗ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ರಕ್ತ ತೊಳೆಯೋ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ನಿಮ್ಮೂರಿನಲ್ಲಿ ಆ ಯಂತ್ರ ಇಲ್ಲ, ವಿಚಾರಿಸಿದೆ. ಅತ್ಯಂತ ಹತ್ತಿರದ್ದು ಅಂದರೆ ಅಲ್ಲಿಂದ ಏಳು ಗಂಟೆ ದಾರಿ. ಅಲ್ಲಿಗೆ ಬಂದು ಇರೋ ಮಾತು ಮುಗಿಯಿತು. ಅವಳನ್ನ ಇಲ್ಲಿಗೆ ಕರೆಸಿಕೊಳ್ಳೋ ಮಾತೂ.

ಕೆಲಸದಿಂದ ತೆಗೆದರು. ಮೂರು ತಿಂಗಳಿಗೊಮ್ಮೆ ‘ಆರೋಗ್ಯದ ತೊಂದರೆ ಇಲ್ಲ’ ಅಂತ ಒಂದು ಕಾಗದಕ್ಕೆ ಸಹಿ ಮಾಡಿಸ್ಕೋತಿದ್ದರು. ಹನ್ನೊಂದು ಕಾಗದವನ್ನೂ ಮೇಜಿನ ಮೇಲೆ ಹರಡಿ ತೋರಿಸಿದರು. ಕಾಯಿಲೆ ಮುಚ್ಚಿಟ್ಟವಳು ನಾನಂತೆ. ಕೊಂಡಿ ಬಿಚ್ಚೋಳು ಹೊರಗೊಂದು ಕೋಣೆ ಮಾಡಿ ನನ್ನನ್ನೂ ಇಟ್ಟುಕೊಂಡಿದ್ದಾಳೆ. ಫೋನ್ ಎತ್ತಿದ್ದು ಅವಳೇ. ಹೇಳಬೇಡ ಅಂತ ನಾನೇ ಆಣೆ ಹಾಕಿಸಿದ್ದೆ.

ನಿನ್ನ ಕಾಗದಕ್ಕೂ ಸಹಿ ಮಾಡಿದ್ದೀನಿ. ಪೆನ್ಸಿಲ್ ಗುರುತಿನ ಮೇಲೇ.

ಕೊಕ್ಕರೆ


ಜನವರಿ 4

ನನ್ನ ಕಂದಾ,

ಪತ್ರ ಹಿಡಿದು ಅಂಗಡಿಯ ಕತ್ತರಿ ಮೇಜಿನ ಕೆಳಗೆ ಕೂತುಬಿಟ್ಟೆ. ಮಾಲೀಕರು ಬಂದು ಎಬ್ಬಿಸಿದರು.

ಮೊದಲು ಆಸ್ಪತ್ರೆಗೆ ಓಡಿದೆ. ನನ್ನದೊಂದು ತಗೊಂಡು ನನ್ನ ತಂಗಿಗೆ ಹಾಕಿ ಅಂದೆ. ಪರೀಕ್ಷೆ ಮಾಡಿ, ನಿಮಗೇ ಸಕ್ಕರೆ ಕಾಯಿಲೆ ಇದೆ, ನಿಮ್ಮದು ಬರಲ್ಲ ಅಂದರು. ನನಗೆ ಇದೆ ಅಂತ ಗೊತ್ತಾದದ್ದೇ ಅವತ್ತು. ನಿನ್ನ ಭಾವನ ರಕ್ತವೂ ಹೊಂದಲ್ಲ. ನಿನಗೆ ಕೊಡೋಕೆ ಈ ಮನೆಯಲ್ಲಿ ಏನೂ ಉಳಿದಿಲ್ಲ ಅನ್ನಿಸಿತು.

ಇನ್ನು ಮುಚ್ಚಿಡಲ್ಲ. ಪಿಟೀಲು ಊಟ ಬಿಟ್ಟದ್ದು ಒಂದೇ ಒಂದು ಹೊತ್ತು. ಬಾಗಿಲ ಹತ್ತಿರ ಎರಡು ದಿನ ಕೂತಳು ಅಂದದ್ದು ನಾನು ಕಟ್ಟಿದ್ದು. ಶಾಲೆ ಅರ್ಜಿಯಲ್ಲಿ ತಾಯಿ ಅನ್ನೋ ಕಡೆ ನನ್ನ ಹೆಸರು ಬರೆದೆ. ಬರೆಯೋವಾಗ, ದಿನಾ ಕರ್ಕೊಂಡು ಹೋಗೋಳು ನಾನೇ ತಾನೇ, ಸುಲಭ ಆಗುತ್ತೆ ಅಂತ ನನಗೇ ಹೇಳಿಕೊಂಡೆ. ಶಾಲೆ ಶುರುವಾದ ವಾರವೇ ಅವಳು ಎಲ್ಲ ಮಕ್ಕಳ ಥರ ಗೇಟಿನಿಂದ ‘ಅಮ್ಮಾ’ ಅಂತ ಕೂಗಿ ಓಡಿ ಬಂದಳು. ಮಕ್ಕಳಿಲ್ಲದೆ ಹನ್ನೊಂದು ವರ್ಷ ಕಾದಿದ್ದೆ ಕಣೇ ಆ ಒಂದು ಕೂಗಿಗೆ. ತಿದ್ದೋಕೆ ಬಾಯಿ ಬರಲಿಲ್ಲ. ಜೂನಿನಲ್ಲಿ ನೀನು ಬಂದಿದ್ದರೆ ಅದು ನಿನಗೆ ಗೊತ್ತಾಗ್ತಿತ್ತು. ಅದಕ್ಕೇ ಬೇಡ ಅಂದೆ.

ಬಂದಿದ್ದರೆ ನಿನ್ನ ಪಾದ ನೋಡ್ತಿದ್ದೆ. ಡಾಕ್ಟರ ಹತ್ತಿರ ಎಳ್ಕೊಂಡು ಹೋಗ್ತಿದ್ದೆ. ಜೂನಿನಲ್ಲಿ ತೋರಿಸಿದ್ದರೆ ಉಳೀತಿತ್ತಾ ಅಂತ ಇಲ್ಲಿನ ಡಾಕ್ಟರನ್ನ ಕೇಳಿದೆ. ಅವರು ಬೇರೆ ಮಾತು ಎತ್ತಿದರು.

ಮೇ ತಿಂಗಳಿಂದ ನಿನ್ನ ಪತ್ರಗಳನ್ನ ಅವಳಿಗೆ ಓದಿ ಹೇಳಲೂ ಇಲ್ಲ. ನೀನು ಕೆಲಸಕ್ಕೆ ಹೊರಟಾಗ ಅವಳು ತೀರಾ ಚಿಕ್ಕವಳು, ನಿನ್ನ ಮಾತು ಬಂದಾಗಲೆಲ್ಲ ‘ಚಿಕ್ಕಮ್ಮ’ ಅಂತಲೇ ಹೇಳ್ತಾ ಬಂದೆ, ಅವಳು ಅದನ್ನೇ ನಂಬಿದ್ದಾಳೆ.

ಈ ತಿಂಗಳ ಕೊನೆಯಲ್ಲಿ ಅವಳನ್ನ ಕರ್ಕೊಂಡು ಬರ್ತೀನಿ. ದಾರಿಯಲ್ಲೇ ಎಲ್ಲ ಹೇಳ್ತೀನಿ ಅವಳಿಗೆ. ನೀನು ಏನು ಶಿಕ್ಷೆ ಕೊಟ್ಟರೂ ಸರಿ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ನೀವು ಬಸ್ಸು ಹತ್ತಿ ಒಂಬತ್ತು ದಿನ ಆಯ್ತು. ಇದನ್ನ ಯಂತ್ರದ ಪಕ್ಕ ಮಲಗಿಯೇ ಬರೀತಿದ್ದೀನಿ, ಬಲಗೈ ಬಿಟ್ಟಿದ್ದಾರೆ.

ದಾರಿಯಲ್ಲೇ ಅವಳಿಗೆ ಎಲ್ಲ ಹೇಳ್ತೀನಿ ಅಂತ ನೀನು ಬರೆದಿದ್ದೆ. ಹೇಳಿಲ್ಲ ಅಂತ ನೀನು ಬಾಗಿಲಲ್ಲಿ ನಿಂತ ರೀತಿಯಲ್ಲೇ ಗೊತ್ತಾಯ್ತು. ನಿನ್ನನ್ನ ಬೈಯಬೇಕು ಅಂತ ವಾಕ್ಯ ಜೋಡಿಸಿಟ್ಟುಕೊಂಡಿದ್ದೆ, ಒಂದೊಂದೂ ಚಾಕುವಿನ ಥರ. ನಿನ್ನ ಬೆರಳು ನೋಡಿದೆ. ಕತ್ತರಿ ಹಿಡಿದ ಹಾಗೇ ಮಡಿಚಿಕೊಂಡಿದ್ದವು. ಬೈಯೋಕೆ ಆಗಲಿಲ್ಲ. ಕ್ಷಮಿಸಿದ್ದೀನಿ ಅಂತಲ್ಲ. ಆ ಜೂನ್ ನೆನಪಾದರೆ ಈಗಲೂ ಎದೆ ಉರಿಯುತ್ತೆ. ಆದರೆ ಮೂರು ವರ್ಷ ನೀರು ಕುಡಿಯಬೇಡ ಅಂತ ನೀನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಗಡಿಯಾರ ಕೂಡ ಆ ಮಾತು ಬಾಯಿಬಿಟ್ಟು ಹೇಳಲಿಲ್ಲ, ಅದು ಬಂದರಿನವರ ಜಾಣತನ.

ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದಾಗ ನಡೆದದ್ದು ಹೇಳ್ತೀನಿ. ಅವಳು ಕುರ್ಚಿ ಮೇಲೆ ಕಾಲು ಜೋಡಿಸಿ ಕೂತು, ಕೊಳವೆಯಲ್ಲಿ ಓಡೋ ರಕ್ತ ನೋಡ್ತಿದ್ದಳು. ‘ಚಿಕ್ಕಮ್ಮ’ ಅಂದಳು. ಅದಕ್ಕೆ ನಾನು ಸಿದ್ಧಳಾಗಿದ್ದೆ, ನಿನ್ನ ಪತ್ರ ಓದಿದ ದಿನದಿಂದ ಅಭ್ಯಾಸ ಮಾಡಿಕೊಂಡಿದ್ದೆ. ಆಮೇಲೆ ಕೇಳಿದಳು, ‘ನಿಮಗೆ ನೋವಾಗುತ್ತಾ?’

ನಿಮಗೆ. ಅದಕ್ಕೆ ಸಿದ್ಧಳಾಗಿರಲಿಲ್ಲ ಅಕ್ಕಾ. ನಮ್ಮಮ್ಮ ಸಾಯೋವರೆಗೂ ನಾವು ಅವಳಿಗೆ ‘ನೀನು’ ಅಂದೋರು. ನಿನಗೂ ಅವಳು ‘ನೀನು, ಬಾ, ಕೊಡು’ ಅಂತ ಏಕವಚನದಲ್ಲೇ ಜಗಳಾಡೋದು ಕೇಳಿಸಿಕೊಂಡೆ, ಎಷ್ಟು ಸಲುಗೆ! ನನ್ನ ಹತ್ತಿರ ಮಾತ್ರ ಒಂದೊಂದು ಮಾತೂ ಬಾಗಿಲು ತಟ್ಟಿ ಒಳಗೆ ಬಂತು.

‘ಇಲ್ಲ ಪುಟ್ಟಾ, ನೋವಾಗಲ್ಲ’ ಅಂದೆ. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಆಮೇಲೆ ಡಾಕ್ಟರಮ್ಮ ನನಗೆ ಹೇಳಿದ ವರ್ಷಗಳ ಸಂಖ್ಯೆ ನೆನಪಾಯ್ತು. ಬೇರೆಯವರ ಮೂತ್ರಪಿಂಡಕ್ಕೆ ಕಾಯೋ ಸಾಲಿನಲ್ಲಿ ನನ್ನ ಮುಂದೆ ಎಷ್ಟು ಜನ ಇದ್ದಾರೆ ಅನ್ನೋದೂ. ಈಗ ತಾಯಿ ಸಿಕ್ಕಳು ಅಂತ ಹೇಳಿ, ಸ್ವಲ್ಪ ದಿನಕ್ಕೆ ತಾಯಿ ಹೋದಳು ಅಂತಲೂ ಹೇಳಬೇಕಾ? ಒಂದು ಮಗುವಿಗೆ ಅಷ್ಟೆಲ್ಲ ಯಾಕೆ? ಚಿಕ್ಕಮ್ಮ ಹೋದರೆ ಮಕ್ಕಳು ಎರಡು ದಿನ ಅತ್ತು ಶಾಲೆಗೆ ಹೋಗ್ತಾರೆ.

ಅದಕ್ಕೆ ಏನೂ ಹೇಳಬೇಡ. ನನ್ನ ಪತ್ರಗಳನ್ನೂ ಅವಳು ದೊಡ್ಡವಳಾದ ಮೇಲೆ ಸಿಗೋ ಹಾಗೆ ಎಲ್ಲೂ ಇಡಬೇಡ, ಸುಟ್ಟುಬಿಡು. ನಿನ್ನ ಸಕ್ಕರೆಗೆ ಔಷಧಿ ತಪ್ಪಿಸಬೇಡ. ಇದು ಬೇಡಿಕೆಯಲ್ಲ, ಇನ್ನು ನೀನು ಕಾಯಿಲೆ ಬೀಳೋ ಹಾಗಿಲ್ಲ.

ಹೊರಡೋವಾಗ ನೀನು ಚೀಲ ಎತ್ತಿಕೊಂಡು ಮುಂದೆ ಹೋದೆ, ನಿನಗೆ ಕಾಣಲಿಲ್ಲ. ಅವಳು ಬಾಗಿಲಿನಿಂದ ವಾಪಸ್ ಬಂದು, ಚಪ್ಪಲಿ ಬಿಟ್ಟು, ಮಂಚದ ಹತ್ತಿರ ನಿಂತು, ಕೈ ಜೋಡಿಸಿ, ‘ಹೋಗಿ ಬರ್ತೀವಿ. ನೀವು ಆರೋಗ್ಯ ನೋಡ್ಕೊಳ್ಳಿ’ ಅಂದಳು.

ತುಂಬ ಚೆನ್ನಾಗಿ ಬೆಳೆಸಿದ್ದೀಯ ಅಕ್ಕಾ.

ನಿನ್ನ ತಂಗಿ